ಜ್ವರ ಇಳಿಯಿತು, ಹಸು ಯಾಕೆ ಸತ್ತಿತು?

(ರೈತರ ಸಭೆಯೊಂದರಲ್ಲಿ ನಿವೃತ್ತ ಪಶುವೈದ್ಯರೊಬ್ಬರು ಆಡಿದ ಮಾತುಗಳ ಬರಹರೂಪ)



ಬೆಳಿಗ್ಗೆಯಿಂದ ಬೆಲೆಯ ಮಾತು, ಸಾಲದ ಮಾತು ಕೇಳಿ ಕೂತಿದ್ದೀರಿ. ಊಟ ಆದ ಮೇಲೆ ದನದ ಡಾಕ್ಟರನ್ನ ನಿಲ್ಲಿಸಿದ್ದಾರೆ, ಒಂದು ನಿದ್ದೆ ತೆಗೆಯೋಣ ಅಂತ ಕೆಲವರು ಕಂಬಕ್ಕೆ ಒರಗಿರೋದು ಕಾಣ್ತಾ ಇದೆ. ಒರಗಿಕೊಳ್ಳಿ, ಬೇಡ ಅನ್ನೋದಿಲ್ಲ. ಆದರೆ ನಾನು ಹೇಳೋದೂ ಸಾಲದ ಮಾತೇ. ಬೆಳೆ ಹೋದರೆ ಮುಂದಿನ ಮಳೆಗೆ ಇನ್ನೊಂದು ಬೆಳೆ ಇಡ್ತೀರಿ. ಸಾಲ ಮಾಡಿ ತಂದ ಹಸು ಸತ್ತರೆ ಹಸು ಗುಂಡಿಗೆ ಹೋಗುತ್ತೆ, ಸಾಲ ಕೊಟ್ಟಿಗೆಯಲ್ಲೇ ಉಳಿಯುತ್ತೆ.

ಪಕ್ಕದ ಹೋಬಳಿಯ ಒಬ್ಬ ರೈತ, ಎರಡು ಎಕರೆ ಖುಷ್ಕಿ ಜಮೀನಿನವನು. ಸಂತೆಯಿಂದ ಒಂದು ಮಿಶ್ರತಳಿ ಹಸು ತಂದ. ಅರ್ಧ ದುಡ್ಡು ಸೊಸೈಟಿಯ ಸಾಲ, ಇನ್ನರ್ಧ ಕೈಸಾಲ. ಲಾರಿಯಲ್ಲಿ ಹಗಲೆಲ್ಲ ನಿಂತು ಬಂದ ಹಸು. ಬಂದ ಐದಾರು ದಿನಕ್ಕೆ ಕೆಮ್ಮು ಶುರುವಾಯಿತು, ಮೂಗಿನಲ್ಲಿ ಸಿಂಬಳ, ಮೈ ಕಾದ ಹೆಂಚಿನಂತೆ. ಊರಲ್ಲಿ ಸೂಜಿ ಹಾಕುವವರೊಬ್ಬರು ಬಂದು ಜ್ವರದ ಸೂಜಿ ಹಾಕಿದರು. ಸಂಜೆಗೆ ಜ್ವರ ಇಳಿಯಿತು, ಹಸು ಎದ್ದು ಹುಲ್ಲಿಗೆ ಬಾಯಿ ಹಾಕಿತು. ಮನೆಯವರಿಗೆಲ್ಲ ಸಮಾಧಾನ. ಮಾರನೆಯ ದಿನ ಮತ್ತೆ ಜ್ವರ, ಮತ್ತೆ ಸೂಜಿ, ಮತ್ತೆ ಇಳಿಯಿತು. ಮೂರನೆಯ ದಿನವೂ ಹಾಗೇ. ನಾಲ್ಕನೆಯ ದಿನ ಹಸು ಕತ್ತು ಮುಂದಕ್ಕೆ ಚಾಚಿ, ಮುಂಗಾಲು ಅಗಲಿಸಿ, ಬಾಯಿ ತೆರೆದುಕೊಂಡು ಉಸಿರು ಎಳೆಯೋಕೆ ಶುರುಮಾಡಿತು. ಆಗ ನನಗೆ ಹೇಳಿ ಕಳಿಸಿದರು. ನಾನು ಹೋಗುವ ಹೊತ್ತಿಗೆ ಮಾಡುವಂಥದ್ದು ಏನೂ ಉಳಿದಿರಲಿಲ್ಲ.

ಆತ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಖಾಲಿ ಸೀಸೆಗಳನ್ನು ತಂದು ನನ್ನ ಮುಂದೆ ಸುರಿದ. ಐದು ಸೀಸೆ. ಅದರಲ್ಲಿ ನಾಲ್ಕು ಬೇರೆ ಬೇರೆ ಹೆಸರಿನ ಜ್ವರದ ಔಷಧಿ. ಒಂದು ಮಾತ್ರ ರೋಗಾಣು ಕೊಲ್ಲುವ ಆಂಟಿಬಯಾಟಿಕ್, ಅದೂ ಒಂದೇ ಸಲ ಹಾಕಿದ್ದು. ಆತ ಕೇಳಿದ್ದು ಒಂದೇ ಮಾತು: "ಡಾಕ್ಟ್ರೇ, ಜ್ವರ ಇಳಿದಿತ್ತಲ್ಲ, ಮತ್ಯಾಕೆ ಸತ್ತೋಯ್ತು?"

ಇವತ್ತಿನ ನನ್ನ ಮಾತೆಲ್ಲ ಆ ಪ್ರಶ್ನೆಗೆ ಉತ್ತರ. ಅವನ ಅಂಗಳದಲ್ಲಿ ನಿಂತು ಹೇಳೋಕೆ ನನಗೆ ಆಗಲಿಲ್ಲ.

ದನದ ಪುಪ್ಪುಸಕ್ಕೆ ರೋಗಾಣು ಹೊಕ್ಕರೆ ಮೈ ಸುಮ್ಮನಿರೋದಿಲ್ಲ. ರಕ್ತ ಅಲ್ಲಿಗೆ ನುಗ್ಗುತ್ತೆ, ರಕ್ತನಾಳದಿಂದ ನೀರು ಜಿನುಗುತ್ತೆ, ರೋಗಾಣು ತಿನ್ನುವ ಬಿಳಿಕಣಗಳು ದಂಡುಗಟ್ಟಿ ಬರುತ್ತವೆ. ಆ ಜಾಗ ಊದುತ್ತೆ, ಕಾಯುತ್ತೆ, ನೋಯುತ್ತೆ. ಇದಕ್ಕೆ ಪುಸ್ತಕದಲ್ಲಿ ಉರಿಯೂತ ಅಂತಾರೆ. ಒಳ್ಳೇದಕ್ಕೇ ಮೈ ಹೀಗೆ ಮಾಡೋದು. ಆದರೆ ರಾಗಿ ಹೊಲಕ್ಕೆ ಹಂದಿ ನುಗ್ಗಿತು ಅಂತ ಊರಿನ ಇಪ್ಪತ್ತು ಜನ ದೊಣ್ಣೆ ಹಿಡಿದು ಹೊಲಕ್ಕೆ ಇಳಿದರೆ ಏನಾಗುತ್ತೆ? ಹಂದಿ ತಿಂದದ್ದು ಒಂದು ಪಾಲಾದರೆ ಜನ ತುಳಿದದ್ದು ಮೂರು ಪಾಲು. ಪುಪ್ಪುಸದಲ್ಲೂ ಹೀಗೇ ಆಗುತ್ತೆ. ಗಾಳಿ ತುಂಬಬೇಕಾದ ಗೂಡಿನಲ್ಲಿ ನೀರು, ಕೀವು ತುಂಬಿ ಗಟ್ಟಿಯಾಗುತ್ತೆ. ಸತ್ತ ದನವನ್ನು ಕೊಯ್ದು ನೋಡಿದರೆ ಸ್ಪಂಜಿನ ಹಾಗಿರಬೇಕಾದ ಪುಪ್ಪುಸ ಈಲಿಯ ಹಾಗೆ ಗಟ್ಟಿಯಾಗಿರುತ್ತೆ. ದನಕ್ಕೆ ಅದರ ಮೈಗಾತ್ರಕ್ಕೆ ಹೋಲಿಸಿದರೆ ಪುಪ್ಪುಸ ಚಿಕ್ಕದು. ಕುದುರೆಯ ಹಾಗೆ ಉಸಿರಿನ ಉಳಿತಾಯ ಅದಕ್ಕಿಲ್ಲ. ಒಂದು ಭಾಗ ಗಟ್ಟಿಯಾದರೆ ಸಾಕು, ತೇಕೋಕೆ ಶುರುಮಾಡುತ್ತೆ.

ಜ್ವರದ ಸೂಜಿ, ನೋವಿನ ಸೂಜಿ ಅಂತ ನಾವು ಕರೆಯೋದೆಲ್ಲ ಈ ಉರಿಯೂತವನ್ನು ಇಳಿಸುವ ಔಷಧಿ. ಗಾಯವಾದಾಗ, ರೋಗಾಣು ಹೊಕ್ಕಾಗ ಮೈ ಪ್ರೊಸ್ಟಗ್ಲಾಂಡಿನ್ ಅನ್ನುವ ರಸಗಳನ್ನು ತಯಾರು ಮಾಡುತ್ತೆ. ಜ್ವರ, ಊತ, ನೋವು ಏಳಿಸುವುದರಲ್ಲಿ ಅವುಗಳದ್ದು ದೊಡ್ಡ ಪಾಲು. ಈ ಔಷಧಿಗಳು ಆ ತಯಾರಿಕೆಯನ್ನೇ ತಡೆಯುತ್ತವೆ ಅಂತ 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ಅನ್ನುವವರು ತೋರಿಸಿಕೊಟ್ಟರು. 1982ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು. ನಮ್ಮ ಲೆಕ್ಕದಲ್ಲಿ ಹೇಳೋದಾದರೆ, ಹೊಲಕ್ಕೆ ಇಳಿದ ಇಪ್ಪತ್ತು ಜನಕ್ಕೆ "ಪೈರು ನೋಡಿಕೊಂಡು ಕಾಲಿಡ್ರಪ್ಪಾ" ಅಂತ ಹೇಳುವ ಔಷಧಿ ಇದು. ಹಂದಿಯನ್ನು ಓಡಿಸುವ ಔಷಧಿ ಅಲ್ಲ. ಒಂದೇ ಒಂದು ರೋಗಾಣುವನ್ನೂ ಇದು ಕೊಲ್ಲೋದಿಲ್ಲ.

ಆ ಹಸುವಿನ ಮೈಯಲ್ಲಿ ಆದದ್ದು ಇದೇ. ಜ್ವರ ಇಳಿಯುತ್ತಾ ಇತ್ತು, ಹಂದಿ ಮೇಯುತ್ತಾ ಇತ್ತು.

ಹಾಗಾದರೆ ಈ ಸೂಜಿ ದಂಡವೋ? ಅಲ್ಲ. ಇದನ್ನ ಒತ್ತಿ ಹೇಳಬೇಕು, ಯಾಕೆಂದರೆ ನಾಳೆ ಯಾರಾದರೂ ಒಳ್ಳೆ ಡಾಕ್ಟರು ಈ ಸೂಜಿ ಬರೆದುಕೊಟ್ಟರೆ "ಸಭೇಲಿ ಬೇಡ ಅಂದ್ರು" ಅಂತ ನೀವು ಹೇಳಬಾರದು. ಆಂಟಿಬಯಾಟಿಕ್ ಜೊತೆಗೆ ಇದನ್ನು ಕೊಟ್ಟರೆ ಜ್ವರ ಬೇಗ ಇಳಿಯುತ್ತೆ, ನೋವು ಕಡಿಮೆಯಾಗುತ್ತೆ, ಹಸು ನೀರು ಕುಡಿಯುತ್ತೆ, ಮೇವಿಗೆ ಬಾಯಿ ಹಾಕುತ್ತೆ. ನೂರಾರು ಕರುಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಜ್ವರ ಬೇಗ ಇಳಿಯೋದು ಮತ್ತೆ ಮತ್ತೆ ಕಂಡಿದೆ. ಪುಪ್ಪುಸ ಗಟ್ಟಿಯಾಗೋದು ಕಡಿಮೆಯಾದದ್ದೂ ಕೆಲವು ಕಡೆ ಕಂಡಿದೆ. ಸಾಯುವ ದನಗಳ ಸಂಖ್ಯೆ ಇಳಿಯಿತು ಅನ್ನೋದು ಮಾತ್ರ ಎಲ್ಲ ಕಡೆ ಕಂಡಿಲ್ಲ. ಅಂದರೆ ಇದು ಊರೆಗೋಲು, ಕಾಲಲ್ಲ. ಮೇವು ಬಿಟ್ಟ ದನ ಎರಡು ದಿನದಲ್ಲಿ ಎಷ್ಟು ಸೊರಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆ ಎರಡು ದಿನ ದಾಟಿಸಿಕೊಡುವ ಊರೆಗೋಲಿಗೂ ಬೆಲೆ ಇದೆ.

ಇದರಲ್ಲಿ ಒಂದು ಮೋಸ ಇದೆ, ಅದನ್ನು ತಿಳಿದಿರಬೇಕು. ಮೆಲಾಕ್ಸಿಕಾಮ್ ಅನ್ನುವ ಔಷಧಿ ದನದ ಮೈಯಲ್ಲಿ ಒಂದು ದಿನಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತೆ. ಇವತ್ತು ಬೆಳಿಗ್ಗೆ ಹಾಕಿದರೆ ನಾಳೆಯೂ ಜ್ವರ ಕಾಣದೆ ಇರಬಹುದು. ಹಾಗಂತ ಆಂಟಿಬಯಾಟಿಕ್ ಹಿಡಿಯಿತು ಅಂತ ಅರ್ಥ ಅಲ್ಲ. ಮೂರನೆಯ ದಿನ ಏನಾಯಿತು ಅಂತ ನೋಡಬೇಕು. ಜ್ವರಕ್ಕಿಂತ ಉಸಿರು ಹೆಚ್ಚು ನಿಜ ಹೇಳುತ್ತೆ. ದನ ನೆರಳಲ್ಲಿ ಸುಮ್ಮನೆ ನಿಂತಿರುವಾಗ ಹಿಂದಿನಿಂದ ನಿಂತು ಪಕ್ಕೆ ಏರಿ ಇಳಿಯೋದನ್ನು ಒಂದು ನಿಮಿಷ ಎಣಿಸಿ. ದೊಡ್ಡ ದನಕ್ಕೆ 15ರಿಂದ 30ರ ಆಸುಪಾಸು ಇರುತ್ತೆ. ನಡು ಮಧ್ಯಾಹ್ನದ ಬಿಸಿಲಲ್ಲಿ ಎಣಿಸಬೇಡಿ. ಕಾಲುಬಾಯಿ ಜ್ವರ ಬಂದು ಹೋದ ದನಗಳಲ್ಲಿ ಕೆಲವು ವರ್ಷಗಟ್ಟಲೆ ಬಿಸಿಲಿಗೆ ತೇಕುತ್ತವೆ, ಅದು ಬೇರೆ ಕಥೆ. ತಣ್ಣನೆ ಹೊತ್ತಿನಲ್ಲಿ 40 ದಾಟಿದರೆ, ಜೊತೆಗೆ ಮೇವು ಬಿಟ್ಟಿದ್ದರೆ, ಅವತ್ತೇ ಡಾಕ್ಟರನ್ನು ಕರೆಯಿರಿ. ಬಾಯಿ ತೆರೆಯುವ ತನಕ ಕಾಯಬೇಡಿ.

ಮನೆಗೊಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಒಂದು ಹೊತ್ತಿನ ಹಾಲಿನ ದುಡ್ಡು ಅದರ ಬೆಲೆ. ಗುದದ್ವಾರದಲ್ಲಿಟ್ಟು ಎರಡು ನಿಮಿಷ ಬಿಡಿ. ಸಗಣಿಯ ಮಧ್ಯಕ್ಕಲ್ಲ, ಗೋಡೆಗೆ ತಾಗಿಸಿ. ದನಕ್ಕೆ 101ರಿಂದ 102.5 ಡಿಗ್ರಿ ಸಹಜ. ನಮ್ಮ ಮೈಗೆ ಹೋಲಿಸಿ ಗಾಬರಿ ಬೀಳಬೇಡಿ. ಸೂಜಿ ಹಾಕಿಸುವ ಮೊದಲು ನೋಡಿ ಒಂದು ಚೀಟಿಯಲ್ಲಿ ಬರೆದಿಡಿ. ಸೂಜಿ ಬಿದ್ದ ಮೇಲೆ ನೋಡಿದರೆ ಡಾಕ್ಟರಿಗೂ ಏನೂ ತಿಳಿಯೋದಿಲ್ಲ. ಎಷ್ಟೋ ಸಲ ನಾನೇ ಬೇಸ್ತುಬಿದ್ದಿದ್ದೇನೆ: "ಜ್ವರ ಇಲ್ಲವಲ್ಲ" ಅಂತ ಹೇಳಿ ಬಂದು, ಬೆಳಿಗ್ಗೆ ಇನ್ಯಾರೋ ಸೂಜಿ ಹಾಕಿದ್ದರು ಅಂತ ಸಂಜೆ ಗೊತ್ತಾಗಿದೆ.

ಒಂದೇ ಕೆಲಸದ ಎರಡು ಔಷಧಿಯನ್ನು ಒಟ್ಟಿಗೆ ಹಾಕಿಸಬೇಡಿ. ಹೆಸರು ಎರಡಿರಬಹುದು, ಲಾಭ ಎರಡರಷ್ಟಾಗೋದಿಲ್ಲ, ಕೇಡು ಆಗುತ್ತೆ. ಇದೇ ಪ್ರೊಸ್ಟಗ್ಲಾಂಡಿನ್ ಹೊಟ್ಟೆಯ ಒಳಗೋಡೆಯನ್ನು ಕಾಯುತ್ತೆ, ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ನೋಡಿಕೊಳ್ಳುತ್ತೆ. ಅದನ್ನು ಪೂರ್ತಿ ಅದುಮಿದರೆ ದನದ ನಾಲ್ಕನೆಯ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಸೋಲಬಹುದು. ನೀರು ಕುಡಿಯದೆ ಒಣಗಿದ ದನಕ್ಕೆ ಅಪಾಯ ಇನ್ನೂ ಹೆಚ್ಚು. ಮೊದಲು ನೀರು.

ಡೆಕ್ಸಾ ಅಂತ ಒಂದಿದೆ. ಡೆಕ್ಸಾಮೆಥಸೋನ್, ಸ್ಟೀರಾಯ್ಡ್ ಜಾತಿಯದು. ಇದು ಬಿದ್ದರೆ ಮಂಕಾಗಿದ್ದ ದನ ಮಂತ್ರ ಹಾಕಿದಂತೆ ಎದ್ದು ಮೇವು ತಿನ್ನುತ್ತೆ. ಸೂಜಿ ಹಾಕಿದವರಿಗೆ ಕೈಗುಣ ಚೆನ್ನಾಗಿದೆ ಅಂತ ಹೆಸರು ಬರುತ್ತೆ. ಆದರೆ ಇದು ಹೊಲಕ್ಕೆ ಇಳಿದ ಇಪ್ಪತ್ತು ಜನರನ್ನೂ ಮನೆಗೆ ಕಳಿಸಿಬಿಡುವ ಔಷಧಿ. ಮೈಯ ರೋಗನಿರೋಧವನ್ನೇ ಕುಗ್ಗಿಸುತ್ತೆ. ಮೈಯಲ್ಲಿ ಅಡಗಿ ಕೂತ ಮೂಗು-ಗಂಟಲಿನ ವೈರಸ್ಸನ್ನು ಎಬ್ಬಿಸಿ ನೋಡಬೇಕಾದರೆ ಪ್ರಯೋಗಶಾಲೆಯವರು ಇದೇ ಸೂಜಿ ಹಾಕ್ತಾರೆ, ಅಷ್ಟು ಗಟ್ಟಿ ಇದರ ಗುಣ. ತುಂಬಿದ ಗಬ್ಬದ ಹಸುವಿಗೆ, ಎಮ್ಮೆಗೆ ಹಾಕಿದರೆ ಕಂದು ಹಾಕಿಬಿಡಬಹುದು. ಅದಕ್ಕೂ ಅದರದೇ ಆದ ಜಾಗ ಇದೆ, ಡಾಕ್ಟರು ತೂಗಿ ನೋಡಿ ಕೊಡಬೇಕು. ಪುಪ್ಪುಸಕ್ಕೆ ರೋಗಾಣು ಹೊಕ್ಕ ದನಕ್ಕೆ ದಿನಾ ಹಾಕುವ ವಸ್ತು ಅದಲ್ಲ. ಸೂಜಿ ಹಾಕುವವರು ಯಾರೇ ಆಗಲಿ, ಹಸು ಎಷ್ಟು ತಿಂಗಳ ಗಬ್ಬ ಅಂತ ನೀವಾಗಿಯೇ ಹೇಳಿ. ಕೇಳಲಿಲ್ಲ ಅಂತ ಸುಮ್ಮನಿರಬೇಡಿ.

ಈಗ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. 1990ರ ದಶಕದಲ್ಲಿ ಡೈಕ್ಲೋಫೆನಾಕ್ ಅನ್ನುವ ಸೂಜಿ ಬಂತು. ಅಗ್ಗ, ಜ್ವರ ಸರ್ರನೆ ಇಳಿಯುತ್ತಿತ್ತು. ನನ್ನ ಬ್ಯಾಗಿನಲ್ಲಿ ಬೇರೇನಿಲ್ಲದಿದ್ದರೂ ಅದಿರುತ್ತಿತ್ತು. ಎಷ್ಟು ಸಾವಿರ ದನಕ್ಕೆ ಹಾಕಿದೆನೋ ಲೆಕ್ಕವಿಲ್ಲ. ಅದೇ ವರ್ಷಗಳಲ್ಲಿ ಆಕಾಶದಲ್ಲಿ ರಣಹದ್ದು ಕಾಣೆಯಾಗುತ್ತಾ ಬಂತು. ನಮ್ಮ ಹಿರಿಯರ ಕಾಲದಲ್ಲಿ ಊರಾಚೆ ದನ ಸತ್ತು ಬಿದ್ದರೆ ಸಂಜೆಯೊಳಗೆ ಮೂಳೆ ಮಾತ್ರ ಉಳಿಯುತ್ತಿತ್ತು, ನಿಮ್ಮಲ್ಲಿ ತಲೆ ನರೆತವರಿಗೆ ನೆನಪಿರಬೇಕು. ಯಾಕೆ ಹೋದವು ಅಂತ ಯಾರಿಗೂ ತಿಳಿಯಲಿಲ್ಲ. 2004ರಲ್ಲಿ ಲಿಂಡ್ಸೆ ಓಕ್ಸ್ ಅನ್ನುವ ವಿಜ್ಞಾನಿ ಮತ್ತು ಜೊತೆಗಾರರು ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಕೊಯ್ದು ನೋಡಿ ಪತ್ತೆ ಮಾಡಿದರು: ಡೈಕ್ಲೋಫೆನಾಕ್ ಹಾಕಿದ ಮೇಲೂ ಬದುಕದೆ ಸತ್ತ ದನದ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಕೆಲವೇ ದಿನಗಳಲ್ಲಿ ಸಾಯುತ್ತೆ. ನಮ್ಮ ದೇಶದಲ್ಲಿ ಬಿಳಿಬೆನ್ನಿನ ರಣಹದ್ದು ನೂರಕ್ಕೆ ತೊಂಬತ್ತೊಂಬತ್ತಕ್ಕೂ ಮೀರಿ ಅಳಿದುಹೋಯಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉದ್ದಕೊಕ್ಕಿನವು ಬೆರಳೆಣಿಕೆಯಷ್ಟು ಉಳಿದವು. 2012ರಲ್ಲಿ ಆ ಬೆಟ್ಟವನ್ನೇ ಹದ್ದುಗಳ ಧಾಮ ಅಂತ ಸರ್ಕಾರ ಘೋಷಿಸಿತು.

"ಹದ್ದಿನ ಚಿಂತೆ ನಮಗ್ಯಾಕೆ ಡಾಕ್ಟ್ರೇ, ನಮ್ಮದೇ ಹಾಸಿ ಹೊದೆಯುವಷ್ಟಿದೆ" ಅಂತ ನೀವು ಕೇಳಬಹುದು. ಈಗ ಊರಾಚೆ ಬಿದ್ದ ಹೆಣವನ್ನು ಯಾರು ತಿನ್ನುತ್ತಾರೆ? ನಾಯಿ. ಆ ನಾಯಿ ಸಂಜೆ ನಿಮ್ಮ ಕುರಿಹಟ್ಟಿಗೆ ಬರುತ್ತೆ, ಶಾಲೆಯ ಮಕ್ಕಳ ದಾರಿಗೆ ಬರುತ್ತೆ. ಹದ್ದು ಕೂಲಿ ಕೇಳದೆ ಮಾಡುತ್ತಿದ್ದ ಕೆಲಸಕ್ಕೆ ಈಗ ನೀವು ಗುಂಡಿ ತೋಡಿಸಬೇಕು, ಸುಣ್ಣ ತರಬೇಕು.

ಕಾನೂನು ಏನು ಹೇಳುತ್ತೆ ಅಂತ ಗೊತ್ತಿರಲಿ. ದನಕ್ಕೆ ಡೈಕ್ಲೋಫೆನಾಕ್ 2006ರಲ್ಲೇ ನಿಂತಿತು. ಆಮೇಲೆ ಮನುಷ್ಯರಿಗಾಗಿ ಬರುತ್ತಿದ್ದ ದೊಡ್ಡ ಸೀಸೆಯನ್ನು ಕದ್ದುಮುಚ್ಚಿ ದನಕ್ಕೆ ಹಾಕುತ್ತಿದ್ದರು. 2015ರಲ್ಲಿ ಅದನ್ನೂ 3 ಮಿಲಿಲೀಟರಿನ ಒಂದು ಸಲದ ಸೀಸೆಗೆ ಇಳಿಸಿದರು. 2023ರ ಜುಲೈನಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಎರಡನ್ನೂ ದನಕ್ಕೆ ನಿಷೇಧಿಸಿದರು. 2024ರ ಕೊನೆಯಲ್ಲಿ ನಿಮೆಸುಲೈಡ್ ಕೂಡ ಹೋಯಿತು. ಹದ್ದಿಗೆ ಕೇಡಿಲ್ಲ ಅಂತ ಪರೀಕ್ಷೆ ಮಾಡಿ ಒಪ್ಪಿರುವುದು ಮೆಲಾಕ್ಸಿಕಾಮ್, ಟಾಲ್ಫೆನಾಮಿಕ್ ಆಸಿಡ್. ಮೆಲಾಕ್ಸಿಕಾಮ್ ಈಗ ಹಲವು ಕಂಪನಿಗಳು ತಯಾರಿಸುತ್ತವೆ, ಎಲ್ಲ ಕಡೆ ಸಿಗುತ್ತೆ. ಸೀಸೆಯ ಮೇಲೆ ದೊಡ್ಡಕ್ಷರದಲ್ಲಿರೋದು ಕಂಪನಿ ಇಟ್ಟ ಹೆಸರು. ಅದರ ಕೆಳಗೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಔಷಧಿಯ ನಿಜ ಹೆಸರಿರುತ್ತೆ. ಹೈಸ್ಕೂಲಿಗೆ ಹೋಗುವ ಮಗಳ ಕೈಲಿ ಓದಿಸಿ. 1980ರ ದಶಕದಲ್ಲಿ ಊರಬಾಗಿಲಿಗೆ ಬೋರ್ಡು ಹಾಕಿ, ಅಪ್ಪಣೆಯಿಲ್ಲದೆ ವಸೂಲಿಗೆ ಒಳಗೆ ಬರಬೇಡಿ ಅಂತ ಅಧಿಕಾರಿಗಳನ್ನು ತಡೆದು ನಿಲ್ಲಿಸಿದ ಚಳವಳಿ ನಮ್ಮದು. ಕೊಟ್ಟಿಗೆಗೆ ಬರುವ ಸೀಸೆಯನ್ನು "ಏನಪ್ಪಾ ನೀನು" ಅಂತ ಕೇಳೋಕೆ ಯಾಕೆ ನಾಚಿಕೆ?

ಗೊಟ್ಟದ ವಿಷಯ ಒಂದು ಮಾತು. ಕೆಮ್ಮುವ ದನಕ್ಕೆ ನಾಲಗೆ ಎಳೆದು ಹಿಡಿದು, ಮೂತಿ ಮೇಲೆತ್ತಿ ಗೊಟ್ಟದಲ್ಲಿ ಎಣ್ಣೆ, ಕಷಾಯ ಹೊಯ್ಯಬೇಡಿ. ತೇಕುವ ದನ ನುಂಗುವುದಕ್ಕೂ ಉಸಿರಾಡುವುದಕ್ಕೂ ಹೊಂದಿಸಿಕೊಳ್ಳಲಾರದೆ ಹೊಯ್ದದ್ದು ಶ್ವಾಸನಾಳಕ್ಕೆ ಇಳಿಯುತ್ತೆ. ಪುಪ್ಪುಸಕ್ಕೆ ಎಣ್ಣೆ ಹೋದರೆ ಯಾವ ಸೂಜಿಯೂ ಉಳಿಸಲಾರದು. ಕಷಾಯದ ಮೇಲೆ ನನಗೆ ಹಗೆಯಿಲ್ಲ, ಅದು ಹೋಗುವ ದಾರಿಯ ಮೇಲೆ ಭಯ.

ಇನ್ನು ಹಾಲು. ಇಲ್ಲಿಗೆ ಬಂದರೆ ನಮ್ಮ ಬೆಳಗಿನ ಮಾತಿಗೇ ಬಂದ ಹಾಗೆ. 2012ರಿಂದ ನಮ್ಮ ದೇಶದಲ್ಲೊಂದು ನಿಯಮ ಇದೆ: ಔಷಧಿ ಹಾಕಿದ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಅಂತ ಸೀಸೆಯ ಮೇಲೆ ಬರೆದಿರಬೇಕು. ಆ ಔಷಧಿಗೆ ಬೇರೆ ಲೆಕ್ಕ ಗೊತ್ತುಮಾಡಿಲ್ಲದಿದ್ದರೆ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಯುರೋಪಿನಲ್ಲಿ ಮೆಲಾಕ್ಸಿಕಾಮ್ ಸೂಜಿಗೆ ಹಾಲು 5 ದಿನ ಅಂತ ಇಟ್ಟಿದ್ದಾರೆ. ನಿಯಮ ಸರಿಯೇ, ಆ ಹಾಲು ಕುಡಿಯೋದು ನಮ್ಮ ನಿಮ್ಮ ಮಕ್ಕಳೇ. ಆದರೆ ಲೆಕ್ಕ ಹಾಕಿ. ದಿನಕ್ಕೆ 10 ಲೀಟರು ಕೊಡುವ ಹಸು, ಲೀಟರಿಗೆ 35 ರೂಪಾಯಿ ಅಂತ ಹಿಡಿಯಿರಿ. ಏಳು ದಿನಕ್ಕೆ 2,450 ರೂಪಾಯಿ ಚರಂಡಿಗೆ. ಸೂಜಿಯ ದುಡ್ಡು, ಡಾಕ್ಟರಿನ ಪೆಟ್ರೋಲು ಬೇರೆ. ಹಿಂಡಿಯ ಸಾಲ ನಿಲ್ಲೋದಿಲ್ಲ. ಈ 2,450 ರೂಪಾಯಿ ಯಾರ ಲೆಕ್ಕದಲ್ಲಿ ಬರುತ್ತೆ? ದೆಹಲಿಯವರು ಬೆಂಬಲ ಬೆಲೆ ಹೇಳುವ 22 ಬೆಳೆಗಳ ಪಟ್ಟಿಯಲ್ಲಿ ಹಾಲು ಇಲ್ಲವೇ ಇಲ್ಲ. ಹಾಲಿನ ದರ ನಿಗದಿ ಮಾಡುವಾಗ ಮೇವು ಹಿಂಡಿ ಲೆಕ್ಕ ಹಿಡಿಯುತ್ತಾರೆ, ಕಾಯಿಲೆಯ ವಾರದಲ್ಲಿ ಚೆಲ್ಲಿದ ಹಾಲನ್ನು ಖರ್ಚು ಅಂತ ಯಾರು ಬರೆಯುತ್ತಾರೆ? ಶುದ್ಧ ಹಾಲು ಬೇಕು ಅನ್ನುವವರು ಅದರ ಬೆಲೆಯನ್ನೂ ಕೊಡಬೇಕು. ಕೊಡದೆ ಹೋದರೆ ಬಡವ ಆ ಹಾಲನ್ನು ಡೇರಿಗೆ ಹೊಯ್ದೇ ಹೊಯ್ಯುತ್ತಾನೆ. ಅವನೊಬ್ಬನನ್ನೇ ಕಳ್ಳ ಅಂತ ಕರೆಯೋಕೆ ನನಗೆ ಬಾಯಿ ಬರೋದಿಲ್ಲ.

ಸೂಜಿ ಹಾಕುವವರನ್ನೂ ನಾನು ಬರೀ ಬೈದು ಹೋಗೋದಿಲ್ಲ. ರಾತ್ರಿ ಹನ್ನೊಂದಕ್ಕೆ ಕರೆದರೆ ಬರೋದು ಅವರೇ. ಆಸ್ಪತ್ರೆ ಇದ್ದರೆ ಡಾಕ್ಟರಿಲ್ಲ, ಡಾಕ್ಟರಿದ್ದರೆ ಮೂರು ಆಸ್ಪತ್ರೆಯ ಚಾರ್ಜು, ಅವರಿದ್ದ ದಿನ ಔಷಧಿ ಇಲ್ಲ. ಈಗ 1962 ನಂಬರಿಗೆ ಫೋನು ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಮನೆಬಾಗಿಲಿಗೆ ಬರುವ ಏರ್ಪಾಡಿದೆ. ಮಾಡಿ ನೋಡಿ. ಯಾವತ್ತು ಮಾಡಿದಿರಿ, ಎಷ್ಟು ಹೊತ್ತಿಗೆ ಬಂತು ಅಂತ ಸಂಘದ ಪುಸ್ತಕದಲ್ಲಿ ಬರೆದಿಡಿ. ಬಾರದೆ ಹೋದರೆ ತಾಲ್ಲೂಕು ಕಚೇರಿ ಮುಂದೆ ಕೂರುವಾಗ ಆ ಪುಸ್ತಕ ಕೈಯಲ್ಲಿರಬೇಕು. ವಿಮೆ ಮಾಡಿಸಿದ್ದರೆ ಕಿವಿಯ ಓಲೆ ಬಿದ್ದಿದೆಯಾ ಅಂತ ನೋಡಿಕೊಳ್ಳಿ, ಚಿಕಿತ್ಸೆಯ ಚೀಟಿ ಬಿಸಾಡಬೇಡಿ. ನಾನು ಹೇಳಿದ ಆ ರೈತನ ಹಸುವಿಗೆ ಓಲೆಯೂ ಇರಲಿಲ್ಲ, ಚೀಟಿಯೂ ಇರಲಿಲ್ಲ. ಐದು ಖಾಲಿ ಸೀಸೆ ಇತ್ತು.

ಹಿಂದಿನ ಸಾಲಿನಿಂದ ಅಜ್ಜಿಯೊಬ್ಬರು ಕೈ ಎತ್ತಿ ಕೇಳ್ತಾ ಇದ್ದಾರೆ, ಸೂಜಿ ಹಾಕಿಸಿದ ಹಾಲನ್ನು ಕರುವಿಗೆ ಕುಡಿಸಬಹುದಾ ಅಂತ. ಬೇಡಮ್ಮಾ. ಆಂಟಿಬಯಾಟಿಕ್ ಇರುವ ಹಾಲು ಕುಡಿದ ಕರುವಿನ ಹೊಟ್ಟೆಯಲ್ಲಿ ಔಷಧಿಗೆ ಬಗ್ಗದ ರೋಗಾಣು ಬೆಳೆಯುತ್ತೆ, ಮುಂದೆ ಅದಕ್ಕೆ ಕಾಯಿಲೆ ಬಂದಾಗ ಔಷಧಿ ನಾಟೋದಿಲ್ಲ. ಕರೆಯೋದನ್ನೂ ಬಿಡಬೇಡಿ, ಕೆಚ್ಚಲು ಬಾತೀತು. ಕರೆದು ತಿಪ್ಪೆಗೆ ದೂರದಲ್ಲಿ ಗುಂಡಿಗೆ ಹೊಯ್ಯಿರಿ. ಹೊಟ್ಟೆ ಉರಿಯುತ್ತೆ, ನನಗೂ ಗೊತ್ತು.

ಅಧ್ಯಕ್ಷರು ಗಡಿಯಾರ ನೋಡ್ತಾ ಇದ್ದಾರೆ. ಗಳಲೆ ರೋಗದ ಒಂದು ವಿಷಯ ಹೇಳಿ ಕೂರುತ್ತೇನೆ. ಮುಂಗಾರಿನ ಮೊದಲ ಮಳೆಗಳಲ್ಲಿ ಬರುತ್ತೆ, ಎಮ್ಮೆಗೆ ಹೆಚ್ಚು. ಜ್ವರ 106 ದಾಟುತ್ತೆ, ಗಂಟಲು ಬಾತು ಗೊರಗೊರ ಅನ್ನುತ್ತೆ, ಒಂದೆರಡು ದಿನದಲ್ಲಿ ಮುಗಿದುಹೋಗುತ್ತೆ. ಇದಕ್ಕೆ ಜ್ವರದ ಸೂಜಿ ಹಾಕಿ "ಬೆಳಿಗ್ಗೆ ನೋಡೋಣ" ಅಂದರೆ ಬೆಳಿಗ್ಗೆ ನೋಡೋಕೆ ದನ ಇರೋದಿಲ್ಲ. ಜ್ವರ ಕಂಡ ಗಳಿಗೆಯಲ್ಲೇ ಆಂಟಿಬಯಾಟಿಕ್ ಬೀಳಬೇಕು. ಅದಕ್ಕಿಂತ ಮೊದಲು, ಮಳೆಗೆ ಮುಂಚೆಯೇ, ಲಸಿಕೆ ಬೀಳಬೇಕು. ಲಸಿಕೆಯವರು ಬಂದ ದಿನ ದನ ಮೇಯಲು ಅಟ್ಟಿಬಿಟ್ಟಿದ್ದೆವು ಅಂತ ಹೇಳುವವರು ಈ ಸಭೆಯಲ್ಲೇ ಇದ್ದಾರೆ, ಹೆಸರು ಹೇಳೋದಿಲ್ಲ. ಯಾವ ಊರಿಗೆ ಯಾವತ್ತು ಬರುತ್ತಾರೆ ಅನ್ನುವ ಪಟ್ಟಿಯನ್ನು ಆಸ್ಪತ್ರೆಯಿಂದ ಮುಂಚಿತವಾಗಿ ಕೇಳಿ ಪಡೆಯಬೇಕು ಅಂತಲೂ, ಹಾಲು ಚೆಲ್ಲಿದ ದಿನಗಳ ನಷ್ಟವನ್ನು ಹಾಲಿನ ದರದ ಲೆಕ್ಕದಲ್ಲಿ ಹಿಡಿಯಬೇಕು ಅಂತಲೂ ಇವತ್ತಿನ ಠರಾವಿನಲ್ಲಿ ಎರಡು ಸಾಲು ಸೇರಿಸಿ ಅಂತ ಅಧ್ಯಕ್ಷರನ್ನು ಕೇಳಿಕೊಳ್ಳುತ್ತೇನೆ. ಪಟ್ಟಿ ಕೈಗೆ ಬಂದ ಮೇಲೆ ಹಿಂದಿನ ರಾತ್ರಿ ತಮಟೆ ಹೊಡೆಸುವ ಕೆಲಸ ಆಯಾ ಊರಿನ ಸಂಘದ್ದು.